ತೂಗುಗಲ್ಲಿಗಿಂತ ಭಾರವಾದ ಬೊಮ್ಮಕ್ಕ

ಬಹಳ ಬಹಳ ಹಿಂದೆ, ಎತ್ತುಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಟ್ಟಗಳ ನಡುವೆ ಗೆಜ್ಜೆದುರ್ಗ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಕುದುರೆ ಇರಲಿಲ್ಲ, ಆನೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಲ್ಲಿ ಓಟದವರಿದ್ದರು. ರಾಣಿ ಹೊನ್ನಾಜಮ್ಮಣ್ಣಿ ಬೆಳಿಗ್ಗೆ ಒಂದು ಮಾತು ಆಡಿದರೆ ಮಧ್ಯಾಹ್ನದೊಳಗೆ ಅದು ರಾಜ್ಯದ ಗಡಿ ಮುಟ್ಟುತ್ತಿತ್ತು. ಓಟದವರ ಕಾಲಲ್ಲಿ ಹಿತ್ತಾಳೆಯ ಗೆಜ್ಜೆ. ದೂರದಲ್ಲಿ ಗೆಜ್ಜೆ ಕೇಳಿದರೆ ಸಾಕು, ಉಳುವವನು ನೇಗಿಲು ನಿಲ್ಲಿಸುತ್ತಿದ್ದ, ಬಟ್ಟೆ ಒಗೆಯುವವಳು ಎದ್ದು ನಿಲ್ಲುತ್ತಿದ್ದಳು. ಅಷ್ಟು ಮರ್ಯಾದೆ.

ಆದರೆ ಗೆಜ್ಜೆ ಸುಮ್ಮನೆ ಸಿಗುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕೋಟೆಯ ಬಾಗಿಲಲ್ಲಿ ದೊಡ್ಡ ತಕ್ಕಡಿ ಕಟ್ಟುತ್ತಿದ್ದರು. ಒಂದು ತಟ್ಟೆಯಲ್ಲಿ ತೂಗುಗಲ್ಲು, ಇನ್ನೊಂದು ತಟ್ಟೆಯಲ್ಲಿ ಓಟದ ಮನೆತನದ ಹುಡುಗನೋ ಹುಡುಗಿಯೋ. ಕಲ್ಲಿಗಿಂತ ಹಗುರವಿದ್ದವರಿಗೆ ಗೆಜ್ಜೆ. ಭಾರವಿದ್ದವರಿಗೆ ಮುಂದಿನ ಸುಗ್ಗಿ. ಹೀಗಾಗಿ ಓಟದವರ ಮನೆಗಳಲ್ಲಿ ಕೊಬ್ಬು ಅಂದರೆ ಗೋಡೆ ಕೊರೆದು ಒಳಗೆ ಬಂದ ಕಳ್ಳನಿದ್ದ ಹಾಗೆ. ಹಿಂದಿನ ಓಟದವರು ದಾರಿಗೆ ಮೂರು ಬುತ್ತಿ ಒಯ್ಯುತ್ತಿದ್ದರು: ಒಂದು ಚೀಲ ಬೆಲ್ಲ, ಒಂದು ಚೀಲ ಹುರಿಹಿಟ್ಟು, ಒಂದು ಬಿದಿರಿನ ಅಂಡೆಯ ತುಂಬ ತುಪ್ಪ. ಈಗಿನವರು ಮೊದಲು ತುಪ್ಪ ಬಿಟ್ಟರು, ಆಮೇಲೆ ಹಿಟ್ಟನ್ನೂ ಬಿಟ್ಟರು. ಸೊಂಟದಲ್ಲಿ ಬೆಲ್ಲದ ಚೀಲ ಒಂದಿದ್ದರೆ ಸಾಕು, ಹಗುರ, ಬಾಯಿಗಿಟ್ಟರೆ ತಕ್ಷಣ ಕಾಲಿಗೆ ಬಲ ಅಂತ ಬೀಗುತ್ತಿದ್ದರು. ತುಪ್ಪದ ಗಡಿಗೆಯನ್ನಂತೂ ಅಡುಗೆಮನೆಯಿಂದ ಹೊರಗೇ ಹಾಕಿದ್ದರು.

ಓಟದವರ ಹಿರಿಯ ಓಬಯ್ಯ ನಾಯಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ದೇವೀರಿ. ಅವಳ ಹಿಂದೆ ಓಡಿ ಗಾಳಿಗೂ ಏದುಸಿರು ಬರುತ್ತಿತ್ತು. ಚಿಕ್ಕವಳು ಬೊಮ್ಮಕ್ಕ. ಬೊಮ್ಮಕ್ಕ ದುಂಡಗಿದ್ದಳು. ಕೆನ್ನೆ ದುಂಡಗೆ, ತೋಳು ದುಂಡಗೆ, ನಡೆದರೆ ಅಂಗಳವೆಲ್ಲ ತುಂಬಿದ ಹಾಗೆ. ಪ್ರತಿ ಸುಗ್ಗಿಯಲ್ಲೂ ಅವಳು ತಕ್ಕಡಿಯಲ್ಲಿ ಕೂತ ಕೂಡಲೇ ಕಲ್ಲಿನ ತಟ್ಟೆ ಚಂಗನೆ ಮೇಲಕ್ಕೆ ಹೋಗುತ್ತಿತ್ತು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವವರನ್ನು ಬೊಮ್ಮಕ್ಕ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪ ಮಾತ್ರ ಆ ಹೊತ್ತಿಗೆ ಮುಖ ಆ ಕಡೆ ತಿರುಗಿಸುತ್ತಿದ್ದ. ಅದು ಅವಳಿಗೆ ತುಂಬ ನೋಯುತ್ತಿತ್ತು.

ಆಗ ದೇವೀರಿಯೇ ಬಂದು ತಂಗಿಯ ಕೈ ಹಿಡಿದು ತಕ್ಕಡಿಯಿಂದ ಇಳಿಸುತ್ತಿದ್ದಳು. "ಬಾರೆ ಬೊಮ್ಮಿ, ನನ್ನ ಗೆಜ್ಜೇಲಿ ಅರ್ಧ ನಿಂದೇ ಅಂದ್ಕೋ" ಅನ್ನುತ್ತಿದ್ದಳು.

ಕೋಟೆಯ ನಟ್ಟನಡುವೆ ಹಿರಿಯೊಲೆ ಅಂತ ಒಂದು ಒಲೆ ಇತ್ತು. ಅದರ ಕೆಂಡದಿಂದಲೇ ರಾಜ್ಯದ ಒಲೆಗಳೆಲ್ಲ ಹತ್ತಬೇಕು. ಬೇರೆ ಬೆಂಕಿ ಆ ನೆಲದಲ್ಲಿ ಉರಿಯುತ್ತಿರಲಿಲ್ಲ. ಉತ್ತರದ ಹಿಮದ ಬೆಟ್ಟದಲ್ಲಿ ಚಳಿಗಣ್ಣ ಅನ್ನೋ ಮಾಂತ್ರಿಕನಿದ್ದ. ಒಂದು ದಿನ ಅವನು ಮಂಜಿನ ರೂಪದಲ್ಲಿ ಬಂದು, ಹಿರಿಯೊಲೆಯ ಕೆಂಡವನ್ನು ಕರಡಿಗೆ ಅನ್ನೋ ಹಿಮದ ಪುಟ್ಟ ಪೆಟ್ಟಿಗೆಯಲ್ಲಿ ಮುಚ್ಚಿಕೊಂಡು ಹೋಗಿಬಿಟ್ಟ.

ರಾಜ್ಯದ ಒಲೆಗಳೆಲ್ಲ ಒಂದೇ ಸಲ ಆರಿದವು. ಚಕಮಕಿ ಕಲ್ಲು ಎಷ್ಟು ಉಜ್ಜಿದರೂ ಕಿಡಿ ಹುಟ್ಟಲಿಲ್ಲ. ಜನ ನೆನೆಸಿದ ಹಸಿ ಅಕ್ಕಿ ತಿಂದರು, ಹೊಟ್ಟೆನೋವು ಬಂತು. ಬೇಯಿಸದ ಕಾಳು ಹೊಟ್ಟೆಗೆ ಹೋಯಿತೇ ಹೊರತು ಮೈಗೆ ಹತ್ತಲಿಲ್ಲ. ಬಾವಿಗಳ ಮೇಲೆ ಹಿಮ ಕಟ್ಟಿತು. ಮಕ್ಕಳ ತುಟಿ ನೀಲಿಯಾಯಿತು.

ರಾಣಿ ಓಟದವರನ್ನು ಕರೆಸಿದಳು. ದೇವೀರಿ ಮುಂದೆ ಬಂದು, "ಅಮ್ಮಣ್ಣಿಯವರೇ, ನಾನು ತರ್ತೀನಿ" ಅಂದಳು. ಸೊಂಟಕ್ಕೆ ಬೆಲ್ಲದ ಚೀಲ ಕಟ್ಟಿಕೊಂಡು ಓಡಿದಳು. ಗೆಜ್ಜೆಯ ಸದ್ದು ಬೆಟ್ಟದ ಮೇಲೆ ಮೇಲೆ ಹೋಗಿ, ಸಣ್ಣಗಾಗಿ, ನಿಂತುಹೋಯಿತು. ಜನ ಕಾದರು, ಕಾದರು. ದೇವೀರಿ ಬರಲಿಲ್ಲ.

ಓಬಯ್ಯ ನಾಯಕ ಜಗಲಿಯ ಮೇಲೆ ಕಲ್ಲಾಗಿ ಕೂತಿದ್ದ. ಬೊಮ್ಮಕ್ಕ ಅವನೆದುರು ನಿಂತು, "ಅಪ್ಪಾ, ನಾನು ಹೋಗ್ತೀನಿ" ಅಂದಳು.

"ನೀನಾ? ಕೋಟೆ ಮೆಟ್ಟಿಲು ಹತ್ತಿದ್ರೇನೇ ಏದುಸಿರು ಬಿಡ್ತೀಯಲ್ಲವ್ವ. ಅಂಥಾ ದೇವೀರಿನೇ ಬರಲಿಲ್ಲ, ನೀನು ಹೆಂಗೆ ಓಡ್ತೀಯ?"

"ಓಡೋಕಲ್ಲಪ್ಪ, ನಡೆಯೋಕೆ. ಅಕ್ಕ ಅಲ್ಲಿದ್ದಾಳೆ. ಅವಳನ್ನ ಬಿಟ್ಟು ಇಲ್ಲಿ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅಪ್ಪ ಮತ್ತೆ ಮುಖ ಆ ಕಡೆ ತಿರುಗಿಸಿದ. ಅವ್ವ ಸಣ್ಣೀರವ್ವ ಮಾತ್ರ ಒಳಗೆ ಹೋಗಿ ಹಳೆಯ ಮೂರು ಬುತ್ತಿಗಳನ್ನೂ ಕಟ್ಟಿದಳು. ಬೆಂಕಿ ಆರುವ ಮೊದಲೇ ಹುರಿದು ಬೀಸಿಟ್ಟಿದ್ದ ಹಿಟ್ಟಿತ್ತು. ಹೊರಗೆ ಹಾಕಿದ್ದ ಗಡಿಗೆಯಿಂದ ಯಾರಿಗೂ ಕಾಣದ ಹಾಗೆ ಉಳಿಸಿಕೊಂಡಿದ್ದ ತುಪ್ಪವಿತ್ತು. "ಬೆಲ್ಲ ಕೂಗಿದ ಕೂಡ್ಲೇ ಓಡಿ ಬರ್ತದೆ, ಹಂಗೇ ಓಡಿ ಹೋಗ್ತದೆ. ಹಿಟ್ಟು ನಿಧಾನಕ್ಕೆ ಬರ್ತದೆ. ತುಪ್ಪ ಎಲ್ಲಾರೂ ಹೋದ್ಮೇಲೆ ಬರ್ತದೆ. ಮೂವರನ್ನೂ ಮರೀಬೇಡ ಮಗಳೇ" ಅಂದು ನೆಟಿಗೆ ಮುರಿದು ಕಳಿಸಿದಳು.

ಬೊಮ್ಮಕ್ಕ ನಡೆದಳು. ನಿಧಾನಕ್ಕೆ ನಡೆದಳು. ದಣಿವಾದಾಗ ಕೂತಳು, ಹಸಿವಾದಾಗ ಹುರಿಹಿಟ್ಟು ಕಲಸಿಕೊಂಡು ತಿಂದಳು, ಮತ್ತೆ ನಡೆದಳು. ಕೊನೆಗೆ ಬೆಟ್ಟದ ಕಣಿವೆಯ ಬಾಯಿಗೆ ಬಂದಳು.

ಅಲ್ಲಿ ದಾರಿಗಡ್ಡವಾಗಿ ಎರಡು ಹಗ್ಗ ಬಿಗಿದಿತ್ತು. ಒಂದೊಂದೂ ಆಳೆತ್ತರದಷ್ಟು ದಪ್ಪ. ಪಕ್ಕದಲ್ಲಿ ಒಂದು ದೊಡ್ಡ ಬಿಳಿ ಎತ್ತು, ಮೇಯದ ಹಾಗೆ ಅದರ ಮೂತಿಗೆ ಕಬ್ಬಿಣದ ಕುಕ್ಕೆ.

"ನಿನ್ನಕ್ಕ ಎರಡನ್ನೂ ಹಾರಿಕೊಂಡೇ ಹೋದಳು" ಅಂತು ಎತ್ತು. "ನೀನು ಹಾರೋಳ ಹಾಗೆ ಕಾಣಲ್ಲ."

"ಇಲ್ಲಪ್ಪ, ನಾನು ಹಾರಿದ್ರೆ ಬೆಟ್ಟ ಅಲ್ಲಾಡ್ತದೆ. ಬೇರೆ ದಾರಿ ಇದ್ರೆ ಹೇಳು."

ಎತ್ತಿಗೆ ಅವಳ ಮಾತು ಹಿಡಿಸಿತು. "ಹಾಗಾದ್ರೆ ಕೇಳು. ಎರಡು ಹಗ್ಗವನ್ನೂ ಒಂದೇ ಬಗೆಯ ಸಕ್ಕರೆ ಮಣಿಯಿಂದ ಪೋಣಿಸಿದೆ. ಒಂದೊಂದರಲ್ಲೂ ಸಾವಿರಾರು ಮಣಿ. ಆದರೆ ಒಂದರಲ್ಲಿ ಮಣಿಗಳೆಲ್ಲ ಒಂದೇ ಕಡೆ ಮುಖ ಮಾಡಿವೆ. ಇನ್ನೊಂದರಲ್ಲಿ ಒಂದು ಮಣಿ ನೆಟ್ಟಗೆ, ಪಕ್ಕದ್ದು ತಲೆಕೆಳಗು. ಅಷ್ಟೇ ವ್ಯತ್ಯಾಸ. ಒಂದೇ ಕಡೆ ಮುಖ ಇರೋದನ್ನ ಮನುಷ್ಯರ ಬಾಯಿ ಬಿಡಿಸಬಲ್ಲದು. ತಲೆಕೆಳಗಾಗಿ ಪೋಣಿಸಿದ್ದನ್ನ ಜಪ್ಪಯ್ಯ ಅಂದ್ರೂ ಬಿಡಿಸಲ್ಲ. ಯಾವುದು ಯಾವುದು ಅಂತ ನೀನೇ ಹುಡುಕಬೇಕು. ತಪ್ಪು ಹಗ್ಗಕ್ಕೆ ಬಿಚ್ಕೋ ಅಂತ ಆಜ್ಞೆ ಮಾಡಿದ್ರೆ ಅದೇ ನಿನ್ನ ಕೊರಳಿಗೆ ಸುತ್ಕೊಳ್ತದೆ."

ಬೊಮ್ಮಕ್ಕ ಮೊದಲ ಹಗ್ಗದಿಂದ ಒಂದೆಳೆ ಕಿತ್ತು ಬಾಯಿಗಿಟ್ಟಳು. ರುಚಿಯಿಲ್ಲ. ಎರಡನೆಯದರಿಂದ ಒಂದೆಳೆ ಕಿತ್ತಳು. ಅದಕ್ಕೂ ರುಚಿಯಿಲ್ಲ. ಓಟದವರಾಗಿದ್ದರೆ ಅಲ್ಲಿಗೇ ಉಗುಳಿ ಮುಂದಿನ ಉಪಾಯ ನೋಡುತ್ತಿದ್ದರು. ಅವರಿಗೆ ಅಗಿಯುವುದಕ್ಕೂ ಪುರುಸೊತ್ತಿಲ್ಲ. ಬೊಮ್ಮಕ್ಕ ಮಾತ್ರ ಊಟವನ್ನು ಪ್ರೀತಿಯಿಂದ ಮಾಡುವವಳು. ರೊಟ್ಟಿಯ ಒಂದು ಚೂರನ್ನು ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ಅಗಿದರೆ ಕೊನೆಗೆ ಸಿಹಿಯಾಗುತ್ತದೆ ಅನ್ನುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಒಂದು ಬಂಡೆಯ ಮೇಲೆ ಕೂತು, ಮೊದಲ ಎಳೆಯನ್ನು ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಹುಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿಕೊಂಡಿತೇ ಹೊರತು ಏನೂ ಆಗಲಿಲ್ಲ. ಎರಡನೆಯದನ್ನು ಅಗಿದಳು, ಅಗಿದಳು. ನಾಲಗೆಯ ತುದಿಯಲ್ಲಿ ಮೆಲ್ಲಗೆ ಸಿಹಿ ಮೂಡಿತು.

"ಇದು ಪಿಷ್ಟ!" ಅಂತ ಎದ್ದು ನಿಂತಳು. "ನಮ್ಮ ಅಕ್ಕಿಯಲ್ಲಿ, ರಾಗಿಯಲ್ಲಿ ಇರೋದು ಇದೇ. ನನ್ನ ಎಂಜಲು ಸರವನ್ನ ತುಂಡರಿಸಿ ಸಿಹಿ ಹೊರಗೆ ತಂತು. ಆ ಇನ್ನೊಂದು ಹುಲ್ಲಿನ ನಾರು. ಅದು ನನ್ನ ಊಟ ಅಲ್ಲ, ನಿನ್ನ ಊಟ!"

ಅವಳು ಬಿಚ್ಕೋ ಅಂದ ಕೂಡಲೇ ಪಿಷ್ಟದ ಹಗ್ಗ ಮಣಿಮಣಿಯಾಗಿ ಉದುರಿತು. ಆಮೇಲೆ ಎತ್ತಿನ ಮೂತಿಯ ಕುಕ್ಕೆ ಬಿಚ್ಚಿದಳು. ಅದಕ್ಕೆ ಆದ ಸಂತೋಷ ಅಷ್ಟಿಷ್ಟಲ್ಲ. ನಾರಿನ ಹಗ್ಗವನ್ನು ಅದು ಒಂದು ಕಡೆಯಿಂದ ಮೇಯುತ್ತಾ ಬಂತು. "ನನ್ನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೆಲಸದವರಿದ್ದಾರೆ, ತಲೆಕೆಳಗಾದ ಮಣೀನೂ ಬಿಡಿಸ್ತಾರೆ" ಅಂತು. "ಈ ಮಣಿಯೊಳಗೆ ಏನಿದೆ ಗೊತ್ತಾ ನಿನಗೆ?"

"ಗೊತ್ತು. ಒಂದು ಸಲ ಪಾಕ ಇಟ್ಟು ಮರೆತುಬಿಟ್ಟಿದ್ದೆ. ಮುಚ್ಚಳದಲ್ಲಿ ನೀರಿನ ಹನಿ ಕೂತಿತ್ತು, ತಳದಲ್ಲಿ ಕರಿ ಇದ್ದಿಲು ಉಳಿದಿತ್ತು. ಅವ್ವ ಬೈದ್ರೂ ನಾನು ನೋಡ್ತಾನೇ ಇದ್ದೆ. ಸಕ್ಕರೆ ಅಂದ್ರೆ ಇದ್ದಿಲೂ ನೀರೂ ಸೇರಿದ್ದು."

"ಸೇರಿಸಿದ್ದು ಬಿಸಿಲು" ಅಂತು ಎತ್ತು. "ಎಲೆಗಳು ಗಾಳಿಯಿಂದ ಇದ್ದಿಲಿನಂಶ ತಗೊಂಡು, ಬೇರಿನಿಂದ ನೀರು ತಗೊಂಡು, ಬಿಸಿಲಿನ ಬಲದಿಂದ ಹೆಣೀತಾವೆ. ನೀನು ಉಂಡಾಗ ಒಳಗೆ ಆ ಗಂಟು ಬಿಚ್ಕೊಳ್ತದೆ, ಬಿಸಿಲು ಹೊರಗೆ ಬರ್ತದೆ. ಹೋಗು, ವಾಪಸ್ಸು ಬರೋವಾಗ ನಾನಿಲ್ಲೇ ಇರ್ತೀನಿ."

ಬೊಮ್ಮಕ್ಕ ಮತ್ತೆ ನಡೆದಳು. ದಾರಿ ಏರಿತು, ಚಳಿಯೂ ಏರಿತು. ಬೆಲ್ಲ ಒಂದು ಚೂರು ಬಿಟ್ಟು ಮುಗಿಯಿತು, ಹಿಟ್ಟು ಪೂರ್ತಿ ಮುಗಿಯಿತು, ಕೊನೆಯ ಹಿಡಿಗೆ ತುಪ್ಪ ಪೂರ್ತಿ ಸುರಿದುಕೊಂಡು ತಿಂದಳು. ಆಗ ಎದುರಿಗೆ ಒಂದು ನದಿ ಕಂಡಿತು. ಅದು ನೀರಿನ ನದಿಯಲ್ಲ. ಮುಕ್ಕೈಯರ ನದಿ.

ಮುಕ್ಕೈಯರೆಂದರೆ ಮೂರು ಕೈಯವರು. ಒಂದು ಪುಟ್ಟ ಹೆಗಲು, ಆ ಹೆಗಲಿನಿಂದ ಮೂರು ಉದ್ದನೆಯ ಕೈಗಳು. ನದಿಯ ಎಡಭಾಗದಲ್ಲಿದ್ದವರ ಕೈ ಕೋಲಿನ ಹಾಗೆ ನೆಟ್ಟಗಿತ್ತು. ಅವರು ಒಬ್ಬರಿಗೊಬ್ಬರು ಒತ್ತಿ ನಿಂತು ತುಪ್ಪದ ಹಾಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರು. ಬಲಭಾಗದವರ ಕೈ ಮೊಣಕೈಯಲ್ಲಿ ಸೊಟ್ಟ. ಎಷ್ಟು ಒತ್ತಿದರೂ ನಡುವೆ ಸಂದು ಉಳಿಯುತ್ತಿತ್ತು, ಹಾಗಾಗಿ ಅವರು ಆ ಚಳಿಯಲ್ಲೂ ಎಣ್ಣೆಯಾಗಿ ಹರಿಯುತ್ತಲೇ ಇದ್ದರು.

ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಆಗುವುದಿಲ್ಲ. ಇದು ಯಾವ ಅಡುಗೆಮನೆಯವರಿಗೆ ಗೊತ್ತಿಲ್ಲ? ಬೊಮ್ಮಕ್ಕ ಎಡಭಾಗದ ಮೇಲೆ ಕಾಲಿಟ್ಟಳು. ಗಟ್ಟಿಯಾಗಿತ್ತು. ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಕೆಳಗಿನಿಂದ ಮೂರು ಕೈ ಬಂದು ಅವಳ ಕಣಕಾಲು ಹಿಡಿದವು.

"ಓಟದವರ ಮನೆಯವಳಲ್ವೇನೆ?" ಅಂತ ಗದರಿದಳು ಮುಕ್ಕೈಯರ ಹಿರಿಯಳು. "ನಮ್ಮ ಗಡಿಗೆ ಬೀದಿಗೆ ಹಾಕಿದೋರು ನೀವು! ನಿನ್ನಕ್ಕ ಮಿಂಚಿನ ಹಾಗೆ ಹೋಗಿಬಿಟ್ಟಳು, ಕೈಗೆ ಸಿಗಲಿಲ್ಲ. ನೀನು ಸಿಕ್ಕಿದೀಯ. ನಾವು ಯಾತಕ್ಕಾದ್ರೂ ಬೇಕು ಅಂತ ಒಂದೇ ಒಂದು ನಿಜವಾದ ಮಾತು ಹೇಳು. ಹೇಳದಿದ್ರೆ ಒಳಗೆಳ್ಕೊಳ್ತೀವಿ."

ಬೊಮ್ಮಕ್ಕನಿಗೆ ಜೀವ ಬಾಯಿಗೆ ಬಂತು. ಹೊಗಳಬೇಕೆಂದು ಬಾಯಿ ತೆರೆದಳು. ಆದರೆ ಪ್ರತಿ ಸುಗ್ಗಿಯ ತಕ್ಕಡಿ ನೆನಪಾಯಿತು, ತಿರುಗಿದ ಅಪ್ಪನ ಮುಖ ನೆನಪಾಯಿತು, ಸುಳ್ಳು ಹೊಗಳಿಕೆಯನ್ನು ಬಿಟ್ಟುಬಿಟ್ಟಳು.

"ಅಜ್ಜೀ, ನಾನೂ ನಿಮ್ಮನ್ನ ಬೈದ್ಕೊಂಡಿದೀನಿ" ಅಂದಳು. "ಕನ್ನಡಿ ಮುಂದೆ ನಿಂತು ಬೈದಿದೀನಿ. ಆದ್ರೆ ಇವತ್ತು ದಾರೀಲಿ ಎರಡು ಸಲ ಬಂಡೆ ಮೇಲೆ ಬಿದ್ದೆ. ಒಳಗೆ ಏನೂ ಆಗಲಿಲ್ಲ. ಈ ಚಳಿಗೆ ನನ್ನ ಬೆರಳು ಮರಗಟ್ಟಿವೆ, ಆದ್ರೆ ಹೊಟ್ಟೆ ಇನ್ನೂ ಬೆಚ್ಚಗಿದೆ. ಅದು ನೀವೇ ತಾನೆ? ನನ್ನ ಚರ್ಮದ ಕೆಳಗೆ ಕಂಬಳಿ ಹೊದ್ದಿಸ್ಕೊಂಡು ಕೂತಿರೋರು ನೀವೇ ತಾನೆ? ಅಷ್ಟು ಸಾಕು ನನಗೆ. ಇನ್ಮೇಲೆ ನಿಮ್ಮನ್ನ ಹೊತ್ಕೊಂಡು ನಡೆಯೋಕೆ ನನಗೆ ನಾಚಿಕೆ ಇಲ್ಲ."

ಹಿರಿಯಳ ಮೂರು ಕೈಯೂ ಸಡಿಲವಾದವು.

"ಇಷ್ಟು ಕಾಲದಲ್ಲಿ ಒಬ್ಬಳಾದರೂ ಹೇಳಿದೆಯಲ್ಲ" ಅಂದಳು, ದನಿ ತೇವವಾಗಿತ್ತು. ಕೂಡಲೇ ಮೂಗು ಒರೆಸಿಕೊಂಡು ಸೆಟೆದು ನಿಂತಳು. "ನಾವು ಬರೀ ಕಂಬಳಿಯಲ್ಲ ತಿಳ್ಕೋ. ನಿನ್ನ ಮೂತ್ರಪಿಂಡಕ್ಕೆ ಮೆತ್ತೆ ಹಾಕಿರೋದು ನಾವು. ನಿನ್ನ ಮೈಯಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟಪುಟ್ಟ ಕೋಣೆಗಳಿವೆ, ಅವುಗಳ ಗೋಡೆ ಕಟ್ಟಿರೋರು ನಮ್ಮ ದಾಯಾದಿಗಳು. ಸೊಪ್ಪು, ಗಜ್ಜರಿ ಗೆಡ್ಡೆಯಲ್ಲಿ ಕಣ್ಣಿಗೆ ಬೇಕಾದ ಸತ್ವ ಇದೆಯಲ್ಲ, ಅದು ನೀರಿಗೆ ಕರಗಲ್ಲ, ನಮ್ಮ ಹೆಗಲೇರಿಯೇ ಒಳಗೆ ಹೋಗಬೇಕು. ನಮ್ಮನ್ನ ಹೊರಗೆ ಹಾಕಿದ ಮನೇಲಿ ಸಂಜೆಯಾದ್ರೆ ಕಣ್ಣು ಕಾಣದವರು ಎಷ್ಟು ಜನ ಇದಾರೆ, ಹೋಗಿ ಕೇಳು."

"ಮತ್ತೆ ಬೆಲ್ಲ ಏನೂ ಅಲ್ವಾ ಅಜ್ಜೀ?"

"ಛೆ, ಹಾಗನ್ನಬಾರದು. ಓಡೋಕೆ ಸಕ್ಕರೆನೇ ಬೇಕು. ತಲೆ ಓಡೋಕೂ ಅದೇ ಬೇಕು. ಆದ್ರೆ ಸಕ್ಕರೆ ಅರ್ಧ ನೆಂದ ಸೌದೆ, ಅದರ ಗಂಟಿನೊಳಗೆ ನೀರಿನಂಶ ಆಗಲೇ ಕೂತಿದೆ. ನಾವು ಒಣಸೌದೆ. ನಮ್ಮ ಕೈ ಉದ್ದಕ್ಕೂ ಬರೀ ಇದ್ದಿಲು, ಉರಿಯೋ ಗಾಳಿ. ಅದೇ ತೂಕಕ್ಕೆ ನಾವು ಎರಡು ಪಟ್ಟಿಗಿಂತ ಹೆಚ್ಚು ಕಾವು ಕೊಡ್ತೀವಿ. ಒಂದು ಮಾತು ನೆನಪಿಟ್ಕೋ ಮಗಳೇ. ನಿನ್ನೊಳಗೆ ಕೂಡಿಟ್ಟ ಸಕ್ಕರೆ ಖಾಲಿಯಾದಾಗ ಕೈ ನಡುಗ್ತದೆ, ಕಣ್ಣು ಕತ್ತಲೆ ಬರ್ತದೆ, ಸತ್ತೇ ಹೋದೆ ಅನ್ನಿಸ್ತದೆ. ಆಗ ಕೂತ ಜಾಗದಿಂದ ಏಳಬೇಡ. ನಮ್ಮವರು ಗಂಟು ಬಿಚ್ಚಿಕೊಂಡು ಬರೋಕೆ ಹೊತ್ತು ಹಿಡೀತದೆ. ಆದ್ರೆ ಬಂದೇ ಬರ್ತಾರೆ."

ಬೊಮ್ಮಕ್ಕ ಅವಳ ಮೂರು ಕೈಗೂ ನಮಸ್ಕರಿಸಿ ನದಿ ದಾಟಿದಳು.

ಬೆಟ್ಟದ ತುದಿಯಲ್ಲಿ ಚಳಿಗಣ್ಣನ ಹಜಾರ. ಗೋಡೆ ಹಿಮ, ನೆಲ ಹಿಮ, ಕಂಬ ಹಿಮ. ಒಂದು ಕಂಬದೊಳಗೆ ದೇವೀರಿ ನಿಂತಿದ್ದಳು. ಕಣ್ಣು ಮುಚ್ಚಿತ್ತು, ಸೊಂಟದಲ್ಲಿ ಬರಿದಾದ ಬೆಲ್ಲದ ಚೀಲವಿತ್ತು, ಕಾಲಿನ ಗೆಜ್ಜೆಗೆ ಹಿಮ ಹಿಡಿದಿತ್ತು. ಬೊಮ್ಮಕ್ಕ ಕಂಬವನ್ನು ಅಪ್ಪಿಕೊಂಡು ಅತ್ತಳು. ಅವಳ ಕಣ್ಣೀರೂ ಅಲ್ಲೇ ಹೆಪ್ಪುಗಟ್ಟಿತು.

"ಅತ್ತು ಪ್ರಯೋಜನವಿಲ್ಲ" ಅಂದ ಚಳಿಗಣ್ಣ. ಅವನು ಜೋಳದ ದಂಟಿನ ಹಾಗೆ ಉದ್ದಕ್ಕೆ, ಒಣಕಲಾಗಿದ್ದ. ಕಣ್ಣು ಎರಡು ಹಿಮದ ಹರಳು. ಅವನ ಪಕ್ಕದಲ್ಲಿ ಕಲ್ಲುಸಕ್ಕರೆಯ ರಾಶಿ, ಮುಂದೆ ಕೆಂಡದ ಕರಡಿಗೆ. "ನಿನ್ನಕ್ಕ ಇಲ್ಲಿಗೆ ಬಂದವರಲ್ಲೆಲ್ಲ ವೇಗದವಳು. ಆದರೆ ನನ್ನ ಪಂಥ ಓಡೋದಲ್ಲ, ಕೂರೋದು. ಈ ಹಿಮದ ಮಣೆ ಮೇಲೆ ನನ್ನ ಎದುರು ಕೂತ್ಕೋ. ತಂದದ್ದನ್ನ ತಿನ್ನಬಹುದು. ಯಾರ ಮೈ ಕಾವು ಮೊದಲು ಆರ್ತದೋ ಅವರು ಸೋತ ಹಾಗೆ. ನೀನು ಗೆದ್ರೆ ಕೆಂಡ ನಿಂದು, ಅಕ್ಕ ನಿನ್ನವಳು. ಸೋತ್ರೆ ಅವಳ ಪಕ್ಕದ ಕಂಬ ನಿಂದು."

"ನೀನ್ಯಾಕೆ ಕೆಂಡ ಕದ್ದೆ?" ಅಂತ ಕೇಳಿದಳು ಬೊಮ್ಮಕ್ಕ.

"ನನ್ನಲ್ಲಿ ಕಾವು ನಿಲ್ಲಲ್ಲ. ಅದಕ್ಕೇ ಇನ್ನೊಬ್ಬರದನ್ನ ತರ್ತೀನಿ" ಅಂದ ಅವನು, ಅದೇನು ದೊಡ್ಡ ವಿಷಯವೇ ಅನ್ನುವ ಹಾಗೆ.

ಬೊಮ್ಮಕ್ಕ ಕೂತಳು. ಅವಳ ಚೀಲದಲ್ಲಿ ಇನ್ನು ಉಳಿದದ್ದು ಒಂದು ಬೆಲ್ಲದ ಚೂರು ಮಾತ್ರ. ಅದನ್ನು ಮುಟ್ಟಿ ನೋಡಿ ಅವಳು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದಳು. ಕಂಬ ಕರಗಿದಾಗ ಅಕ್ಕನ ಮೈಯಲ್ಲಿ ಒಂದು ಹನಿ ಬಲವೂ ಇರುವುದಿಲ್ಲ. ಆಗ ಅವಳಿಗೆ ಬೇಕಾದದ್ದು ಕೂಗಿದ ಕೂಡಲೇ ಓಡಿ ಬರುವ ಬೆಲ್ಲ. ಇದು ಅಕ್ಕನದು.

ಪಂಥ ಶುರುವಾಯಿತು. ಚಳಿಗಣ್ಣ ಹಿಡಿಹಿಡಿ ಕಲ್ಲುಸಕ್ಕರೆ ಮುಕ್ಕಿದ. ಅವನ ಮುಖ ಕೆಂಪಗಾಯಿತು, ಮೈಯಿಂದ ಹಬೆ ಎದ್ದಿತು. ಸ್ವಲ್ಪ ಹೊತ್ತಿಗೇ ಮತ್ತೆ ಬಿಳುಚಿಕೊಂಡ. ಮತ್ತೆ ಮುಕ್ಕಿದ, ಮತ್ತೆ ಕೆಂಪಾದ, ಮತ್ತೆ ಬಿಳುಚಿಕೊಂಡ. ಬೊಮ್ಮಕ್ಕ ಏನೂ ತಿನ್ನದೆ ಕೂತಿದ್ದಳು. ಮೊದಲು ದಾರಿಯಲ್ಲಿ ತಿಂದ ಹಿಟ್ಟಿನ ಕಾವು ಇತ್ತು. ಅದು ಮುಗಿದ ಮೇಲೆ ಪಿತ್ತಜನಕಾಂಗದ ಕಣಜದಲ್ಲಿ ಮೈ ತಾನೇ ಸರ ಪೋಣಿಸಿ ಕೂಡಿಟ್ಟಿದ್ದ ಸಕ್ಕರೆ ಒಂದೊಂದೇ ಮಣಿಯಾಗಿ ಬಿಚ್ಚಿ ಬಂತು. ಆ ಕಣಜ ಚಿಕ್ಕದು. ಅದೂ ಬರಿದಾಯಿತು.

ಆಗ ಅವಳ ಕೈ ನಡುಗಿತು. ಕಣ್ಣು ಕತ್ತಲೆ ಬಂತು. ತಲೆ ತಿರುಗಿತು. ಎದುರಿಗೆ ಚಳಿಗಣ್ಣ ನಗುತ್ತಾ, "ತಿನ್ನು ಹುಡುಗಿ, ಸೊಂಟದಲ್ಲಿ ಬೆಲ್ಲ ಇದೆಯಲ್ಲ" ಅಂದ. ಬೊಮ್ಮಕ್ಕನ ಕೈ ತಾನಾಗಿಯೇ ಚೀಲದ ಮೇಲೆ ಹೋಯಿತು. ಬೆಲ್ಲದ ಪರಿಮಳ ಮೂಗಿಗೆ ಬಂತು. ಬಾಯಲ್ಲಿ ನೀರೂರಿತು. ಅವಳು ಅಕ್ಕನ ಮುಚ್ಚಿದ ಕಣ್ಣನ್ನು ನೋಡಿದಳು, ಕೈ ಹಿಂದಕ್ಕೆ ಎಳೆದುಕೊಂಡಳು.

"ಇದು ನಂದಲ್ಲ" ಅಂದಳು. ಏಳಲಿಲ್ಲ.

ಕಾದಳು. ಸತ್ತೇ ಹೋದೆ ಅನ್ನಿಸಿತು. ಇನ್ನೂ ಕಾದಳು. ಆಮೇಲೆ ಎಲ್ಲೋ ಒಳಗೆ, ತೋಳಿನಲ್ಲಿ, ತೊಡೆಯಲ್ಲಿ, ಹೊಟ್ಟೆಯ ಮಡಿಕೆಯಲ್ಲಿ, ಜನ ನಕ್ಕಿದ್ದ ಆ ಎಲ್ಲ ಕಡೆಗಳಲ್ಲೂ ಬಾಗಿಲುಗಳು ತೆರೆದವು. ಮುಕ್ಕೈಯರು ಬಂದರು. ಹೆಗಲಿನಿಂದ ಕೈಗಳು ಕಳಚಿ, ತುಂಡುತುಂಡಾಗಿ ಉರಿದವು. ತಲೆಗೂ ಅದರಿಂದಲೇ ಬೇರೆ ಬಗೆಯ ಸೌದೆ ಮಾಡಿ ಕಳಿಸಿದರು, ಕಣ್ಣಿನ ಕತ್ತಲೆ ಸರಿಯಿತು. ಭಗ್ಗೆನ್ನುವ ಉರಿಯಲ್ಲ ಅದು. ಬೂದಿ ಮುಚ್ಚಿದ ಕೆಂಡದ ಹಾಗೆ, ಒಂದೇ ಸಮನೆ, ಆರದ ಕಾವು. ಬೊಮ್ಮಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ತನ್ನ ಮೈಯ ಬಗ್ಗೆ ಅವಳಿಗೆ ಹಿಂದೆಂದೂ ಇಲ್ಲದ ಹೆಮ್ಮೆ ಅನ್ನಿಸಿತು. ಅವಳ ಉಸಿರು ಹಬೆಯಾಗಿ ಹೊರಟು ಹಜಾರದ ಚಾವಣಿಯಿಂದ ಹನಿ ತೊಟ್ಟಿಕ್ಕಲು ಶುರುವಾಯಿತು.

ಎಷ್ಟು ಹೊತ್ತು ಕೂತಳೋ ಹೇಳುವವರಿಲ್ಲ. ಕಲ್ಲುಸಕ್ಕರೆಯ ರಾಶಿ ಕರಗಿತು, ಕರಗಿತು, ಮುಗಿಯಿತು. ಚಳಿಗಣ್ಣ ನೆಲ ತಡಕಿದ, ಒಂದು ಹರಳೂ ಸಿಗಲಿಲ್ಲ. ಅವನ ಒಣಕಲು ಮೈಯಲ್ಲಿ ನಾಳೆಗೆಂದು ಇಟ್ಟದ್ದು ಏನೇನೂ ಇರಲಿಲ್ಲ.

"ನೀನು ಏನೂ ತಿನ್ನಲಿಲ್ಲ! ಎಲ್ಲಿಂದ ಬರ್ತಿದೆ ಈ ಕಾವು?" ಅಂತ ಕಿರುಚಿದ.

"ನಮ್ಮವ್ವ ಇಷ್ಟು ವರ್ಷ ಉಣ್ಣಿಸಿದ್ದು" ಅಂದಳು ಬೊಮ್ಮಕ್ಕ. "ಕದ್ದದ್ದಲ್ಲ."

ಚಳಿಗಣ್ಣನ ಕಣ್ಣಿನ ಹರಳು ಚಟ್ಟೆಂದು ಬಿರಿಯಿತು. ಅವನು ಕೂತಲ್ಲೇ ಮಂಜಿನ ಗುಡ್ಡೆಯಾಗಿ ಕುಸಿದ, ಆ ಮಂಜು ಕರಗಿ ನೀರಾಗಿ ಬೆಟ್ಟದ ಕೆಳಗೆ ಹರಿಯಿತು. ಬೊಮ್ಮಕ್ಕ ಕರಡಿಗೆ ತೆರೆದಳು. ಹಿರಿಯೊಲೆಯ ಕೆಂಡ ಕೆಂಪಗೆ ಕಣ್ಣು ಬಿಟ್ಟಿತು. ಅದನ್ನು ಕಂಬದ ಹತ್ತಿರ ಹಿಡಿದಾಗ ಕಂಬ ಕರಗಿ ದೇವೀರಿ ತಂಗಿಯ ತೋಳಿಗೆ ಬಿದ್ದಳು. ಬೊಮ್ಮಕ್ಕ ಬೆಲ್ಲದ ಚೂರನ್ನು ಕೆಂಡದ ಕಾವಿಗೆ ಕರಗಿದ ಹಿಮದ ಬಿಸಿನೀರಲ್ಲಿ ಕದಡಿ, ಮೊದಲು ತುಟಿ ಒದ್ದೆ ಮಾಡಿ, ಆಮೇಲೆ ಹನಿಹನಿಯಾಗಿ ಕುಡಿಸಿದಳು. ಬೆಲ್ಲ ತನ್ನ ಹೆಸರು ಉಳಿಸಿಕೊಂಡಿತು. ದೇವೀರಿಯ ಕೆನ್ನೆಗೆ ಬಣ್ಣ ಬಂತು, ಕಣ್ಣು ತೆರೆಯಿತು.

"ಬೊಮ್ಮೀ... ಇಷ್ಟು ದೂರ ಹೆಂಗೆ ಓಡಿ ಬಂದ್ಯೇ?"

"ನಡ್ಕೊಂಡು ಬಂದೆ ಕಣಕ್ಕ" ಅಂದಳು ಬೊಮ್ಮಕ್ಕ. ಇಬ್ಬರೂ ನಕ್ಕರು, ಇಬ್ಬರೂ ಅತ್ತರು.

ಇಳಿಯುವಾಗ ಮುಕ್ಕೈಯರು ಕೈ ಜೋಡಿಸಿ ಸೇತುವೆ ಮಾಡಿದರು. ಬಿಳಿ ಎತ್ತು ಅಕ್ಕತಂಗಿಯರನ್ನು ಬೆನ್ನ ಮೇಲೆ ಕೂರಿಸಿಕೊಂಡು ಗೆಜ್ಜೆದುರ್ಗಕ್ಕೆ ತಂದಿತು. ಹಿರಿಯೊಲೆ ಹತ್ತಿತು. ಆ ಕೆಂಡದಿಂದ ಮನೆಮನೆಯ ಒಲೆ ಹತ್ತಿತು. ಅನ್ನ ಬೆಂದಿತು, ರೊಟ್ಟಿ ಉಬ್ಬಿತು, ಮಕ್ಕಳ ತುಟಿ ಕೆಂಪಾಯಿತು. ರಾಣಿ ಹೊನ್ನಾಜಮ್ಮಣ್ಣಿ ತಾನೇ ಕೋಟೆ ಬಾಗಿಲಿಗೆ ಬಂದು ಬೊಮ್ಮಕ್ಕನಿಗೆ ಆರತಿ ಎತ್ತಿದಳು.

"ಇವಳಿಗೆ ಗೆಜ್ಜೆ ಕೊಡಿ!" ಅಂತ ಜನ ಕೂಗಿದರು. ಪದ್ಧತಿ ಪದ್ಧತಿಯೇ ತಾನೆ? ತಕ್ಕಡಿ ತಂದರು. ಬೊಮ್ಮಕ್ಕ ಕೂತಳು. ಎಲ್ಲರೂ ಉಸಿರು ಬಿಗಿಹಿಡಿದರು. ಕಲ್ಲಿನ ತಟ್ಟೆ ನೆಲ ಬಿಟ್ಟು ಅಲ್ಲಾಡಲಿಲ್ಲ. ಬೊಮ್ಮಕ್ಕನ ತಟ್ಟೆ ಮೇಲೆ ನಿಂತಿತು. ಹಿಮದ ಮಣೆಯ ಮೇಲೆ ಅವಳು ಉರಿಸಿದ್ದು ಅಷ್ಟಿತ್ತು. ಕೆನ್ನೆ ಇಳಿದಿತ್ತು, ತೋಳು ಇಳಿದಿತ್ತು.

"ಹಗುರ! ಹಗುರ!" ಅಂತ ಜನ ಕುಣಿದರು. ಓಬಯ್ಯ ನಾಯಕ ಕಣ್ಣೊರೆಸಿಕೊಂಡು ಗೆಜ್ಜೆ ಹಿಡಿದು ಬಂದ. ಈ ಸಲ ಅವನು ಮುಖ ತಿರುಗಿಸಿರಲಿಲ್ಲ.

ಬೊಮ್ಮಕ್ಕ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಬೇಡಪ್ಪ" ಅಂದಳು. "ಹಗುರ ಆಗಿದೀನಿ ಅಂತ ಕೊಡೋ ಗೆಜ್ಜೆ ನನಗೆ ಬೇಡ. ಅಕ್ಕನ್ನ ತಂದಿದ್ದು ಈ ಹಗುರ ಅಲ್ಲ, ಆ ಭಾರ. ನೀವೆಲ್ಲ ನಕ್ಕಿದ್ರಲ್ಲ, ಆ ಭಾರ. ಅದು ನನ್ನ ಮೈಗೆ ವಾಪಸ್ಸು ಬರ್ಲಿ. ಆಮೇಲೆ ತೂಗಿ ಕಟ್ಟಿ."

ಓಬಯ್ಯ ನಾಯಕ ಮಗಳ ಮುಖವನ್ನೇ ನೋಡಿದ. ಆಮೇಲೆ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು, ಹೆಂಡತಿಯ ಕಡೆ ತಿರುಗಿ, ಇಡೀ ಊರಿಗೆ ಕೇಳುವ ಹಾಗೆ ಹೇಳಿದ. "ಸಣ್ಣೀರವ್ವಾ, ತುಪ್ಪದ ಗಡಿಗೆ ಒಳಗೆ ತಗೊಂಡು ಬಾ."

ಅಂದಿನಿಂದ ಓಟದವರು ಮತ್ತೆ ಮೂರು ಬುತ್ತಿ ಕಟ್ಟಿದರು. ದೇವೀರಿ ಮೊದಲಿಗಿಂತ ವೇಗವಾಗಿ, ಮೊದಲಿಗಿಂತ ದೂರ ಓಡಿದಳು. ಬಿಳಿ ಎತ್ತು ಕೋಟೆಯ ಹುಲ್ಲುಗಾವಲಲ್ಲಿ ಮೇಯುತ್ತಾ ಬಂದವರಿಗೆಲ್ಲ ಬೊಮ್ಮಕ್ಕನ ಕತೆ ಹೇಳಿತು. ರಾಜ್ಯದಲ್ಲಿ ಹಸಿವೂ ಚಳಿಯೂ ಇಲ್ಲದೆ ಎಲ್ಲರೂ ಸುಖವಾಗಿದ್ದರು.

ಮತ್ತೆ ಸುಗ್ಗಿ ಬಂತು. ಮತ್ತೆ ತಕ್ಕಡಿ ಕಟ್ಟಿದರು. ಕೆನ್ನೆ ದುಂಡಗೆ, ತೋಳು ದುಂಡಗೆ ಬೊಮ್ಮಕ್ಕ ಬಂದು ಕೂತಳು. ಕಲ್ಲಿನ ತಟ್ಟೆ ಚಂಗನೆ ಮೇಲಕ್ಕೆ ಹೋಯಿತು. ಯಾರೂ ನಗಲಿಲ್ಲ. ಓಬಯ್ಯ ನಾಯಕ ನೆಲಕ್ಕೆ ಮಂಡಿಯೂರಿ, ಆ ದುಂಡು ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಗಳಿಗೆ ಗೆಜ್ಜೆ ಕಟ್ಟಿದ.